ಮೀನಾಕ್ಷಮ್ಮನ ಅಟ್ಟ ಮತ್ತು ಟೈ ಕಟ್ಟಿದ ಸಸಿಗಳು

"ನನ್ನ ಅಟ್ಟ ಹತ್ತಿದ ಕಾಯಿ ಕೊಬ್ಬರಿಯಾಗೇ ಇಳಿಯೋದು ಕಣಪ್ಪ. ಮೊಳೆತು ಇಳಿದದ್ದು ಒಂದೇ ಒಂದು ಇದ್ರೆ ತೋರಿಸು, ಅದನ್ನ ತಲೆ ಮೇಲೆ ಹೊತ್ಕೊಂಡು ತಿಪಟೂರು ಸಂತೆ ಮೂರು ಸುತ್ತು ಬತ್ತೀನಿ!"

ಮಾಯಸಂದ್ರದ ಆಚೆಯ ಹೊನ್ನೆಕಟ್ಟೆಯಲ್ಲಿ ಮೀನಾಕ್ಷಮ್ಮ ಈ ಮಾತನ್ನು ಮದುವೆಯಾಗಿ ಬಂದ ಎರಡನೆಯ ವರ್ಷದಿಂದ ಹೇಳುತ್ತಿದ್ದಳು. ಊರಿನ ಗಿಣಿಗಳು ಅದರಲ್ಲಿ ಅರ್ಧವನ್ನು ಬಾಯಿಪಾಠ ಮಾಡಿದ್ದವು. ಉಳಿದರ್ಧ ಕಲಿಯುವಷ್ಟರಲ್ಲಿ ಬೇಸರ ಬಂದು ದಬ್ಬೇಘಟ್ಟದ ಕಡೆ ಹಾರಿಹೋಗಿದ್ದವು. ಆದರೆ ಮಾತು ಸುಳ್ಳಾಗಿರಲಿಲ್ಲ.

ನಮ್ಮ ಕಡೆ ಕೊಬ್ಬರಿ ಮಾಡುವುದೆಂದರೆ ಏನೂ ಮಾಡದೆ ಇರುವುದು. ಬಲಿತ ಕಾಯನ್ನು ಸಿಪ್ಪೆಸಮೇತ ಅಟ್ಟಕ್ಕೆ ಏರಿಸಿ ಹನ್ನೊಂದು ತಿಂಗಳು ಅದರ ಸುದ್ದಿಗೆ ಹೋಗಬಾರದು. ಕೆಳಗೆ ಅಡುಗೆಮನೆಯ ಹೊಗೆ ತನ್ನ ಪಾಡಿಗೆ ಏರುತ್ತದೆ, ಮೇಲೆ ಕಾಯೊಳಗಿನ ನೀರು ತನ್ನ ಪಾಡಿಗೆ ಇಂಗುತ್ತದೆ, ತಿರುಳು ಚಿಪ್ಪನ್ನು ಬಿಟ್ಟು ಗುಂಡಗೆ ನಿಲ್ಲುತ್ತದೆ. ಅಲ್ಲಾಡಿಸಿದಾಗ ಒಳಗಿನಿಂದ ಲೊಟಲೊಟ ಸದ್ದು ಬಂದರೆ ಉಂಡೆ ಕೊಬ್ಬರಿ ತಯಾರು. ನಡುವೆ ತೇವ ತಗುಲಿದರೆ ಮಾತ್ರ ಕಾಯಿ ಮೊಳೆಯುತ್ತದೆ, ಮೊಳಕೆ ತಿರುಳನ್ನೆಲ್ಲ ತಿಂದುಹಾಕುತ್ತದೆ. ಅಟ್ಟದಲ್ಲಿ ಕಾಯಿ ಮೊಳೆಯಿತೆಂದರೆ ಆ ಮನೆಯ ಹೆಂಗಸಿಗೆ ಒಲೆ ಹಚ್ಚುವುದೂ ಗೊತ್ತಿಲ್ಲವೆಂದು ಮೂರು ಹೋಬಳಿಗೆ ಡಂಗುರ ಹೊಡೆದ ಹಾಗೆ.

ಊರಿನ ಕೊಬ್ಬರಿ ವ್ಯಾಪಾರಿ ತೋಂಟದಾರ್ಯ ಯಾರನ್ನೂ ನಂಬುವವನಲ್ಲ. ಪ್ರತಿ ಚೀಲದಿಂದ ಒಂದು ಉಂಡೆ ತೆಗೆದು ಚಾಕುವಿನಿಂದ ಸೀಳಿ ನೋಡಿಯೇ ತಕ್ಕಡಿಗೆ ಏರಿಸುತ್ತಿದ್ದ. ಹೆಣ್ಣು ಕೊಟ್ಟ ಮಾವನ ಚೀಲವನ್ನೂ ಸೀಳಿದ್ದ, ಮಾವ ಎದುರಿಗೇ ಕೂತಿದ್ದಾಗ. ಮೀನಾಕ್ಷಮ್ಮನ ಚೀಲಕ್ಕೆ ಮಾತ್ರ ಅವನು ಚಾಕು ಹಚ್ಚುತ್ತಿರಲಿಲ್ಲ. "ಅಕ್ಕನ ಚೀಲ, ತೂಗ್ರಪ್ಪ" ಎನ್ನುತ್ತಿದ್ದ. ಬೇರೆ ಹೆಂಗಸರಿಗೆ ಕತ್ತಿನಲ್ಲಿ ಸರವಿತ್ತು, ಮೀನಾಕ್ಷಮ್ಮನಿಗೆ ಈ ನಾಲ್ಕು ಮಾತಿತ್ತು. ಅವಳು ಅದನ್ನು ಹಬ್ಬಕ್ಕೂ ಹಾಕಿಕೊಳ್ಳುತ್ತಿದ್ದಳು, ಹಟ್ಟಿ ಗುಡಿಸುವಾಗಲೂ ಹಾಕಿಕೊಳ್ಳುತ್ತಿದ್ದಳು.

ಅವಳ ಗಂಡ ಬಸವರಾಜಪ್ಪ ಇದಕ್ಕೆ ತದ್ವಿರುದ್ಧ. ವರ್ಷಕ್ಕೆ ಎರಡು ಮಾತು ಆಡಿದರೆ ಹೆಚ್ಚು. ಒಮ್ಮೆ ಜಗಲಿಯಲ್ಲಿ ಕೂತು "ಸೆಕೆ" ಎಂದಿದ್ದಕ್ಕೆ ಅಕ್ಕಪಕ್ಕದವರು ಏನಾಯಿತೋ ಎಂದು ಓಡಿಬಂದಿದ್ದರು.

ಹೀಗಿರುವಾಗ ಎಪ್ಪತ್ತೆಂಟನೇ ಇಸವಿಯ ಭರಣಿ ಮಳೆ ಬಂತು. ಮಳೆ ಬಂದದ್ದು ಆಮೇಲೆ, ಮೊದಲು ಬಂದದ್ದು ಗಾಳಿ. ಅದು ಎಂಥ ಗಾಳಿಯೆಂದರೆ, ತುರುವೇಕೆರೆ ಬಸ್ಸು ಹೊನ್ನೆಕಟ್ಟೆಯಲ್ಲಿ ನಿಲ್ಲದೆಯೇ ಪ್ರಯಾಣಿಕರೆಲ್ಲ ಇಳಿದಿದ್ದರು. ಒಂದು ಕೋಳಿ ಇಲ್ಲಿ ಮೊಟ್ಟೆಯಿಡಲು ಕೂತು ಎರಡು ಮೈಲಿ ಆಚೆ ಇಟ್ಟು ಮುಗಿಸಿತು. ಕಾಲು ಗಂಟೆಯಲ್ಲಿ ಎಲ್ಲ ತಣ್ಣಗಾಯಿತು. ಪುಣ್ಯಕ್ಕೆ ಒಂದು ಜೀವವೂ ಹೋಗಲಿಲ್ಲ. ಆದರೆ ಆರುನೂರಕ್ಕೂ ಹೆಚ್ಚು ತೆಂಗಿನ ಮರಗಳು ಉದ್ದುದ್ದ ಮಲಗಿದ್ದವು. ಮೀನಾಕ್ಷಮ್ಮನ ತೊಂಬತ್ತು ಮರಗಳಲ್ಲಿ ಇಪ್ಪತ್ತು ನಿಂತಿದ್ದವು. ಅಟ್ಟದ ಮೇಲಿನ ಹೆಂಚುಗಳು ಇಸ್ಪೀಟು ಎಲೆಗಳಂತೆ ಊರೆಲ್ಲ ಹಂಚಿಹೋಗಿದ್ದವು. ಅಟ್ಟದಲ್ಲಿ ಶಿವರಾತ್ರಿಯ ಹೊತ್ತಿಗೆ ಏರಿಸಿದ ಎರಡು ಸಾವಿರ ಕಾಯಿ ಆಕಾಶ ನೋಡುತ್ತಿದ್ದವು.

ಮೂರನೆಯ ದಿನವೇ ತೋಂಟದಾರ್ಯ ಅಂಗಡಿ ಮುಂದೆ ಬೋರ್ಡು ನೇತುಹಾಕಿದ. ಹೊನ್ನೆಕಟ್ಟೆ ಗಾಳಿ ಸಂತ್ರಸ್ತರ ಸೇವಾ ಸಂಘ. ಅಧ್ಯಕ್ಷ ಅವನೇ. ನಲವತ್ತು ಮಂದಿ ಸದಸ್ಯರಾದರು. ಮೊದಲ ಹದಿನೈದು ದಿನ ದಾನ ಬಂದದ್ದೇ ಬಂದದ್ದು. ಶೆಟ್ಟಿಕೆರೆಯವರು ರಾಗಿ ಕಳಿಸಿದರು. ಯಾರೋ ಕಂಬಳಿ ಕೊಟ್ಟರು. ಬೆಂಗಳೂರಿನ ದೊಡ್ಡ ಮನುಷ್ಯರ ಕ್ಲಬ್ಬೊಂದು ಎರಡು ದೊಡ್ಡ ಪೆಟ್ಟಿಗೆ ಕಳಿಸಿತು. ಬಿಚ್ಚಿದರೆ ಅದರ ತುಂಬ ಕತ್ತಿಗೆ ಕಟ್ಟುವ ಟೈ. ಕೆಂಪು, ನೀಲಿ, ಪಟ್ಟೆಪಟ್ಟೆ, ಏಳುನೂರು ಟೈ. ಯಾವುದೋ ಕಾರ್ಖಾನೆ ಮುಚ್ಚಿದಾಗ ಉಳಿದ ಮಾಲಂತೆ.

"ಇದನ್ನ ಯಾವ ಕಡೆಯಿಂದ ಉಡೋದು?" ಎಂದು ಮರ ಹತ್ತುವ ದುರ್ಗಯ್ಯ ಕೇಳಿದ.

"ಉಡೋದಲ್ಲ ಕಣ್ಲಾ, ಕತ್ತಿಗೆ ಕಟ್ಟೋದು. ಆಫೀಸರುಗಳು ಕಟ್ಕತಾರೆ" ಎಂದ ತೋಂಟದಾರ್ಯ.

"ಮರ ಬಿದ್ದೋಗಿದ್ದಕ್ಕೆ ನಾವೇನು ಆಫೀಸಿಗೆ ಹೋಗ್ಬೇಕಾ?"

ಮನೆಗೆ ಇಷ್ಟೆಂದು ಟೈ ಹಂಚಿದ್ದಾಯಿತು. ದುರ್ಗಯ್ಯ ಎರಡನ್ನು ಹೊಸೆದು ಮರ ಹತ್ತಲು ಕಾಲಿಗೆ ಹಾಕಿಕೊಳ್ಳುವ ಬಳೆ ಮಾಡಿಕೊಂಡ. ಹುಚ್ಚರಂಗಯ್ಯನ ಕರು ಪಟ್ಟೆಪಟ್ಟೆ ಟೈನಲ್ಲಿ ಬ್ಯಾಂಕಿನ ಮ್ಯಾನೇಜರಂತೆ ಓಡಾಡಿತು. ಯಾರಿಗೂ ಬೇಡವಾಗಿ ಉಳಿದ ಆರುನೂರು ಚಿಲ್ಲರೆ ಟೈ, ಜಾಗವಿದೆಯೆಂಬ ಕಾರಣಕ್ಕೆ, ಮೀನಾಕ್ಷಮ್ಮನ ಮನೆ ಸೇರಿದವು.

ಅವಳಿಗೆ ಬೇಕಾಗಿದ್ದದ್ದು ಹೆಂಚು. ಹೆಂಚಿನ ಪರಿಹಾರಕ್ಕೆ ತಾಲೂಕು ಕಚೇರಿಗೆ ಅರ್ಜಿ ಕೊಟ್ಟಳು. ಸಾಹೇಬರು ಬಂದು ನೋಡುವವರೆಗೆ ಸೂರು ಇದ್ದ ಹಾಗೇ ಇರಬೇಕು, ಮುಚ್ಚಿದರೆ ಹಾನಿಯಾಗಿಲ್ಲವೆಂದು ಬರೆಯುತ್ತೇವೆ ಎಂದರು. ಬಸವರಾಜಪ್ಪ ಗರಿ ಹೆಣೆದು ಹೊದಿಸಿದ್ದ ತಟ್ಟಿಯನ್ನೂ ಇಳಿಸಬೇಕಾಯಿತು. ಸಾಹೇಬರು ಇವತ್ತು ಬಂದಾರು, ನಾಳೆ ಬಂದಾರು ಎಂದು ಮುಂಗಾರು ಪೂರ್ತಿ ಸೂರು ಬಾಯಿ ತೆರೆದುಕೊಂಡೇ ಕಾಯಿತು.

"ಅಕ್ಕ, ಕಾಯಿ ಕೆಳಗಿಳಿಸಿ ಬುಡಿ, ನೆನೀತವೆ" ಎಂದು ತೋಂಟದಾರ್ಯ ಒಮ್ಮೆ ಹೇಳಿದ.

"ಹನ್ನೊಂದು ತಿಂಗಳು ಆಗೋವರ್ಗೂ ನನ್ನ ಅಟ್ಟದ ಕಾಯಿ ಮುಟ್ಟಲ್ಲ ಕಣಪ್ಪ. ಕೆಳಗೆ ಹೊಗೆ ಹಾಕ್ತಾ ಇವ್ನಿ. ಮಳೆಗಿಂತ ನನ್ನ ಹೊಗೆ ದೊಡ್ಡದು."

ಹೊಗೆ ನಿಜವಾಗಿಯೂ ದೊಡ್ಡದಾಗಿಯೇ ಇತ್ತು. ಆ ವರ್ಷ ಅವಳ ಮನೆಯ ಬೆಕ್ಕಿಗೂ ಕೆಮ್ಮು ಬಂದಿತ್ತು. ಆದರೆ ಗೌರಿ ಹಬ್ಬದ ದಿನ ಊಟಕ್ಕೆ ಕೂತ ಬಸವರಾಜಪ್ಪ ತಲೆಯೆತ್ತಿ ನೋಡಿ, ಆ ವರ್ಷದ ಮೊದಲ ಮಾತು ಆಡಿದ.

"ಸಾರಿಗೆ ಬೇರು ಇಳೀತಾ ಐತೆ."

ಅಟ್ಟದ ಹಲಗೆಗಳ ಸಂದಿನಿಂದ ಬೆಳ್ಳಗಿನ ಬೇರೊಂದು ಇಳಿದು ಸಾರಿನ ಪಾತ್ರೆಯ ಮೇಲೆ ತೂಗಾಡುತ್ತಿತ್ತು. ಮೀನಾಕ್ಷಮ್ಮ ಏಣಿ ಹತ್ತಿ ನೋಡಿದಳು. ಕಾಯಿಗಳು ಸಾಲುಸಾಲಾಗಿ ಮೊಳೆತಿದ್ದವು, ಮೊಳೆಯದವು ಕೊಳೆತಿದ್ದವು. ಕೆಲವು ಗೇಣುದ್ದ, ಕೆಲವು ಮೊಣಕಾಲೆತ್ತರ, ಹಸಿರು ನಾಲಿಗೆ ಚಾಚಿ ಅವಳನ್ನು ಅಣಕಿಸುತ್ತಿದ್ದವು. ಅವಳು ಏಣಿಯ ಮೇಲೇ ಬಹಳ ಹೊತ್ತು ನಿಂತಳು. ಕಣ್ಣ ಮುಂದೆ ಬಂದದ್ದು ಹಾಳಾದ ಕಾಯಲ್ಲ, ತೋಂಟದಾರ್ಯನ ಚಾಕು. ಅದು ಅವಳ ಚೀಲದ ಬಾಯಿಗೆ ಬರುತ್ತಿತ್ತು.

ಕೆಳಗಿಳಿದವಳು ಗಂಡನಿಗೆ ಹೇಳಿದಳು, "ಯಾರ ಹತ್ರನೂ ಬಾಯಿ ಬಿಡಬ್ಯಾಡಿ."

ಇಷ್ಟು ಅನಗತ್ಯವಾದ ಎಚ್ಚರಿಕೆಯನ್ನು ಆ ಗಂಡನಿಗೆ ಯಾರೂ ಕೊಟ್ಟಿರಲಿಲ್ಲ.

ಅವತ್ತಿನಿಂದ ಮೀನಾಕ್ಷಮ್ಮನ ಮನೆಗೆ ಯಾರಿಗೂ ಪ್ರವೇಶವಿಲ್ಲ. ಮಜ್ಜಿಗೆ ಕೇಳಲು ಬಂದವರಿಗೆ ಜಗಲಿಯಲ್ಲೇ ಕೊಟ್ಟು ಕಳಿಸುತ್ತಿದ್ದಳು. ಸಸಿಗಳು ಮಾತ್ರ ಅವಳ ಮರ್ಯಾದೆ ನೋಡದೆ ಬೆಳೆದವು. ಎಲೆಗಳು ತೆರೆದ ಸೂರಿನಿಂದ ಹೊರಗೆ ಇಣುಕತೊಡಗಿದಾಗ, ಅವಳು ದಾನದ ಟೈ ತೆಗೆದುಕೊಂಡು ಅಟ್ಟ ಹತ್ತಿ, ಒಂದೊಂದೇ ಸಸಿಯ ಎಲೆಗಳನ್ನು ಒಟ್ಟು ಮಾಡಿ, ಬಗ್ಗಿಸಿ, ಟೈ ಬಿಗಿದು ಕಟ್ಟಿದಳು. ಒಂದು ವಾರ ಕಟ್ಟಿದಳು. ಬಗ್ಗಿದ ಎಲೆಗಳು ಟೈ ಕಟ್ಟಿಕೊಂಡೇ ಮೆಲ್ಲಗೆ ಮೇಲೇಳತೊಡಗಿದವು.

ಇತ್ತ ಸಂಘ ಸೊರಗುತ್ತಿತ್ತು. ಕಂಬಳಿ ಹಂಚಿ ಮುಗಿದ ಮೇಲೆ ಸದಸ್ಯರು ಒಬ್ಬೊಬ್ಬರೇ ಕಳಚಿಕೊಂಡರು. ದಸರಾ ಹೊತ್ತಿಗೆ ಸಂಘದಲ್ಲಿ ಉಳಿದದ್ದು ಅಧ್ಯಕ್ಷ ಮತ್ತು ರಬ್ಬರ್ ಸ್ಟಾಂಪು. ಊರಿಗೆ ಆಗ ಬೇಕಿದ್ದದ್ದು ತೆಂಗಿನ ಸಸಿ. ನರ್ಸರಿಯಲ್ಲಿ ಕೇಳಿದರೆ ಎರಡು ವರ್ಷ ಬಿಟ್ಟು ಬನ್ನಿ ಎಂದರು. ಕೊಂಡುತರೋಣವೆಂದರೆ ಸುತ್ತಲಿನ ಊರುಗಳದೂ ಅದೇ ಪಾಡು. ಅಷ್ಟರಲ್ಲಿ ಟೈ ಕಳಿಸಿದ ಕ್ಲಬ್ಬಿನಿಂದ ಕಾಗದ ಬಂತು. ದೀಪಾವಳಿ ಕಳೆದು ಬರುತ್ತೇವೆ, ಆರು ತಿಂಗಳಲ್ಲಿ ಆದ ಪ್ರಗತಿ ತೋರಿಸಿ, ತೋರಿಸಿದರೆ ನೀರಿನ ಬಾವಿ ತೋಡಿಸಿಕೊಡುತ್ತೇವೆ, ಇಲ್ಲದಿದ್ದರೆ ನಮ್ಮ ಸಹಾಯ ಬೇರೆ ಜಿಲ್ಲೆಗೆ.

ತೋಂಟದಾರ್ಯ ಮನೆಮನೆಗೆ ಓಡಾಡಿದ. ಮೀನಾಕ್ಷಮ್ಮನ ಜಗಲಿಗೂ ಬಂದ.

"ಅಕ್ಕ, ಎಲ್ಲಾದ್ರೂ ಒಂದ್ನಾಕು ಸಸಿ ಇದ್ರೆ ಕೊಡಿ. ತೋರಿಸಾದ್ಮೇಲೆ ವಾಪಸ್ ತಂದ್ಕೊಡ್ತೀನಿ. ಈ ಊರಿಗೆ ಬಾವಿ ಬರೋದು ಅದರ ಮೇಲೆ ನಿಂತೈತೆ."

"ನಮ್ಮನೇಲಿ ಎಲ್ಲಿ ಬತ್ತದಪ್ಪ ಸಸಿ?" ಎಂದಳು ಮೀನಾಕ್ಷಮ್ಮ, ಬಾಗಿಲಿಗೆ ಅಡ್ಡಲಾಗಿ ಕೈಯಿಟ್ಟು. "ನಂದು ಅಟ್ಟ ಕಣಪ್ಪ, ಪಾತಿಯಲ್ಲ."

ಅವನು ತಲೆ ತಗ್ಗಿಸಿಕೊಂಡು ಹೋದ. ಅವಳು ಅವತ್ತು ತನ್ನ ಮುದ್ದೆಯನ್ನೂ ಗಂಡನ ತಟ್ಟೆಗೇ ಹಾಕಿ ಎದ್ದಳು.

ಕ್ಲಬ್ಬಿನವರು ಮೂರು ಜೀಪುಗಳಲ್ಲಿ ಬಂದರು. ತೋಂಟದಾರ್ಯ ಅವರಿಗೆ ಬೋರ್ಡು ತೋರಿಸಿದ. ಅದನ್ನೇ ಹಿಂದಿನಿಂದಲೂ ತೋರಿಸಿದ. ಸ್ಟಾಂಪು ಒತ್ತಿ ತೋರಿಸಿದ. ಎಳನೀರು ಮೂರು ಸಲ ಕುಡಿಸಿದ. ಕ್ಲಬ್ಬಿನ ಹಿರಿಯರೊಬ್ಬರು, ದಪ್ಪ ಕನ್ನಡಕದ ಸಾಧು ಮನುಷ್ಯ, ಗಡಿಯಾರ ನೋಡಿಕೊಂಡು "ಸರಿ, ಹೊರಡೋಣ" ಎಂದರು. ಅವರ ಮುಖದಲ್ಲಿ ಬೇರೆ ಜಿಲ್ಲೆ ಕಾಣುತ್ತಿತ್ತು. ಜೀಪಿನ ಕಡೆ ನಾಲ್ಕು ಹೆಜ್ಜೆ ನಡೆದವರು ತಟ್ಟನೆ ನಿಂತರು.

"ಅಲ್ಲಾ... ಅದು ನಮ್ಮ ಟೈ ಅಲ್ವೇನ್ರೀ?"

ಊರೆಲ್ಲ ತಿರುಗಿ ನೋಡಿತು. ಮೀನಾಕ್ಷಮ್ಮನ ಮನೆಯ ಸೂರಿನ ತುಂಬ ತೆಂಗಿನ ಸಸಿಗಳು ಎದ್ದು ನಿಂತಿದ್ದವು. ಒಂದೊಂದರ ಕತ್ತಿಗೂ ಒಂದೊಂದು ಟೈ. ಕೆಂಪು, ನೀಲಿ, ಪಟ್ಟೆಪಟ್ಟೆ. ಗಾಳಿಗೆ ತಲೆದೂಗುತ್ತ, ದೊಡ್ಡ ಕಚೇರಿಯೊಂದು ಮಾಳಿಗೆಯ ಮೇಲೆ ಮೀಟಿಂಗಿಗೆ ಕೂತಂತೆ ಕಾಣುತ್ತಿತ್ತು.

ಎಲ್ಲರ ಕಣ್ಣು ಸೂರಿನಿಂದ ಇಳಿದು ಬಾಗಿಲಲ್ಲಿ ನಿಂತಿದ್ದ ಮೀನಾಕ್ಷಮ್ಮನ ಮೇಲೆ ನಿಂತಿತು. ಕೋತಿಗಳ ಕೆಲಸ ಎನ್ನಬಹುದಿತ್ತು. ಗಾಳಿ ತಂದು ಹಾಕಿತು ಎಂದರೂ ಆ ಊರಿನ ಗಾಳಿಯ ಮೇಲೆ ಎಲ್ಲರಿಗೂ ನಂಬಿಕೆಯಿತ್ತು. ಅವಳು ತೋಂಟದಾರ್ಯನ ಕಡೆ ನೋಡಿದಳು. ಅವನ ಜೇಬಿನಿಂದ ಚಾಕುವಿನ ಹಿಡಿ ಕಾಣುತ್ತಿತ್ತು. ಮರವಿಲ್ಲದೆ ಕೈಕಟ್ಟಿ ನಿಂತಿದ್ದ ದುರ್ಗಯ್ಯನ ಕಡೆ ನೋಡಿದಳು.

"ಹೂಂ ಸ್ವಾಮಿ, ನಿಮ್ಮ ಟೈಯೇ" ಎಂದಳು. "ನನ್ನ ಅಟ್ಟದಲ್ಲಿ ಕಾಯಿ ಮೊಳೆತವೆ. ಕೇಳಿಸ್ತೇನ್ರಪ್ಪ ಎಲ್ಲಾರ್ಗೂ? ಮೀನಾಕ್ಷಮ್ಮನ ಅಟ್ಟದಲ್ಲಿ ಕಾಯಿ ಮೊಳೆತವೆ! ಆರುನೂರ ಚಿಲ್ಲರೆ ಐತೆ. ಮರ ಕಳ್ಕೊಂಡೋರು ಬಂದು ತಗೊಂಡೋಗಿ. ಟೈ ಮಾತ್ರ ಬಿಚ್ಚಿ ಇಲ್ಲೇ ಇಡಿ, ಕೆಲಸಕ್ಕೆ ಬತ್ತವೆ."

ಕನ್ನಡಕದ ಹಿರಿಯರು ಹಿಗ್ಗಿ ಹೀರೇಕಾಯಾದರು. ತಮ್ಮ ದಾನ ಇಷ್ಟು ಉಪಯೋಗಕ್ಕೆ ಬಂದದ್ದು ಅವರ ಕ್ಲಬ್ಬಿನ ಇತಿಹಾಸದಲ್ಲೇ ಮೊದಲಂತೆ.

"ತುಂಬ ಸಂತೋಷ. ಫಲ ಯಾವಾಗಮ್ಮ? ಇನ್ನಾರು ತಿಂಗಳಿಗೆ ಬರಬಹುದೋ?"

"ಎಂಟು ವರ್ಷ ಸ್ವಾಮಿ."

"ಎಂಟು! ನಮ್ಮದು ಆರು ತಿಂಗಳ ಯೋಜನೆ..."

"ನಿಮ್ಮ ಗಡಿಯಾರ ಚೆನ್ನಾಗೈತೆ ಸ್ವಾಮಿ. ಆದ್ರೆ ಮರಕ್ಕೆ ಅದು ಕಾಣಲ್ಲ. ಗಾಳಿ ಕಾಲು ಗಂಟೇಲಿ ಬೀಳಿಸ್ತು, ಎಬ್ಬಿಸೋಕೆ ಎಂಟು ವರ್ಷ ಬೇಕು. ಬಾವಿ ತೋಡಿಸಿ ಕೊಡಿ, ವರ್ಷಕ್ಕೊಂದ್ಸಲ ಬಂದು ನೋಡ್ಕೊಂಡು ಹೋಗಿ. ನೀರು ಹುಯ್ಯಿಸೋದು ನನ್ನ ಪಾಲಿಗಿರಲಿ."

ಬಾವಿ ಬಂತು. ಮರುವಾರ ಹೆಂಚಿನ ಸಾಹೇಬರೂ ಬಂದರು. ಇನ್ನೂ ಇಳಿಸದೆ ಉಳಿದಿದ್ದ ಸಸಿಗಳನ್ನು ಸೂರಿನ ಮೇಲೆ ನೋಡಿ, ಸದರಿ ಸ್ಥಳದಲ್ಲಿ ಮನೆಯಿರುವುದಿಲ್ಲ, ತೋಟವಿದೆ ಎಂದು ಬರೆದುಕೊಂಡು ಹೋದರು. ನಾಲ್ಕು ವರ್ಷದ ಮೇಲೆ ಮೀನಾಕ್ಷಮ್ಮನಿಗೆ ಹೆಂಚಿನ ಬದಲು ಎರಡು ಗಾಡಿ ಗೊಬ್ಬರ ಮಂಜೂರಾಯಿತು. ಅವಳು ಅದನ್ನೂ ಸಸಿಗಳಿಗೆ ಹಂಚಿದಳು, ಹೆಂಚನ್ನು ಸಸಿಗಳು ಇಳಿದ ಕೂಡಲೇ ತಾನೇ ಹೊದಿಸಿದ್ದಳು.

ಅವಳು ತೆತ್ತ ಬೆಲೆ ಮರುವರ್ಷವೇ ಗೊತ್ತಾಯಿತು. ಉಳಿದ ಇಪ್ಪತ್ತು ಮರದ ಕೊಬ್ಬರಿಯನ್ನು ತೋಂಟದಾರ್ಯನ ಅಂಗಡಿಗೆ ಹಾಕಿಸಿಕೊಂಡು ಹೋದಾಗ, ಅವನು ತಕ್ಕಡಿಯ ಕಡೆ ನೋಡುತ್ತ ಚಾಕು ತೆಗೆದ.

"ಬೇಜಾರು ಮಾಡ್ಕೋಬ್ಯಾಡಿ ಅಕ್ಕ. ತಿಪಟೂರಿನೋರು ಕೇಳ್ತಾರೆ. ಅವರಿಗೂ ಸುದ್ದಿ ಮುಟ್ಟೈತೆ."

ಉಂಡೆ ಸೀಳಿದಾಗ ಒಳಗೆ ಬೆಳ್ಳಗೆ, ಚೆನ್ನಾಗಿಯೇ ಇತ್ತು. ಅದರಿಂದ ಏನೂ ಸಮಾಧಾನವಾಗಲಿಲ್ಲ. ಅವತ್ತು ಮನೆಗೆ ಬಂದ ಮೀನಾಕ್ಷಮ್ಮ ಸಂಜೆಯವರೆಗೆ ಒಂದು ಮಾತೂ ಆಡಲಿಲ್ಲ. ಮನೆಯಲ್ಲಿ ಅಷ್ಟು ಮೌನ ತಡೆಯಲಾರದೆ ಬಸವರಾಜಪ್ಪನೇ ಬಾಯಿ ತೆರೆಯಬೇಕಾಯಿತು. "ಮಜ್ಜಿಗೆ ಚೆನ್ನಾಗೈತೆ" ಎಂದ. ಸ್ವಲ್ಪ ಹೊತ್ತು ಬಿಟ್ಟು, "ನೀನೂ ಚೆನ್ನಾಗಿದೀಯ" ಎಂದ. ಆ ವರ್ಷದ ಮಾತೆಲ್ಲ ಅವತ್ತೇ ಖರ್ಚಾಗಿಹೋಯಿತು.

ಮಾರನೆಯ ದಿನದಿಂದ ಮೀನಾಕ್ಷಮ್ಮ ಸಸಿಗಳ ಬೆನ್ನು ಬಿದ್ದಳು. ಸಂಘದ ಸಭೆಗೆ ಅವಳೊಂದು ದಿನವೂ ಬರಲಿಲ್ಲ, ಸಂಘದ ಕೆಲಸವೆಲ್ಲ ಅವಳೇ ಮಾಡಿದಳು. ಬೆಳಿಗ್ಗೆ ಎದ್ದು ತೋಟತೋಟ ಸುತ್ತಿ, ಸಸಿಯ ಬುಡದ ಮಣ್ಣಿಗೆ ತೋರುಬೆರಳು ಚುಚ್ಚಿ ನೋಡುತ್ತಿದ್ದಳು. ಬೆರಳು ಒಣಗಿ ಹೊರಬಂದರೆ ಆ ಮನೆಯವರ ಮೂರು ತಲೆಮಾರು ಅವತ್ತು ನೆನೆಯುತ್ತಿತ್ತು. ದಿನಕ್ಕೆ ಆರುನೂರು ಸಲ ಚುಚ್ಚಿ ಚುಚ್ಚಿ ಅವಳ ಬೆರಳು ಅರ್ಧ ಅಂಗುಲ ಸವೆದಿದೆಯೆಂದು ದುರ್ಗಯ್ಯ ಎಲ್ಲರಿಗೂ ಹೇಳುತ್ತಿದ್ದ, ಅಳತೆ ಬೇಕಾದವರಿಗೆ ಅಳತೆಯನ್ನೂ ಕೊಡುತ್ತಿದ್ದ.

ಹುಚ್ಚರಂಗಯ್ಯನ ಒಂದು ಸಸಿಯನ್ನು ಅವನದೇ ಕರು, ಟೈ ಕಟ್ಟಿದ ಅದೇ ಕರು, ಮೇಯ್ದುಬಿಟ್ಟಿತು. ಮೀನಾಕ್ಷಮ್ಮನ ಬಾಯಿಗೆ ಹೆದರಿದ ಅವನು ದೊಡ್ಡ ಮರದ ಎಳೆಗರಿಯೊಂದನ್ನು ಕಡಿದು ತಂದು ಅದೇ ಗುಂಡಿಯಲ್ಲಿ ನೆಟ್ಟು, ಸುತ್ತ ಮಣ್ಣು ಏರಿಸಿ, ಮುಳ್ಳು ಕಟ್ಟಿದ. ಅವಳು ಬಂದಳು, ಬೆರಳು ಚುಚ್ಚಿದಳು, ಏನೂ ಹೇಳದೆ ಹೋದಳು. ಒಂದು ವಾರ ಹೀಗೇ ನಡೆಯಿತು. ಎಂಟನೆಯ ದಿನ ಕೇಳಿದಳು.

"ಏನ್ಲಾ ಹುಚ್ಚರಂಗಯ್ಯ, ನಿನ್ನ ಸಸಿ ಬೇರಿಲ್ದೆ ಚೆನ್ನಾಗಿ ಒಣಗ್ತಾ ಐತಲ್ಲ?"

"ಬ್ಯಾರೆ ತಳಿ ಇರ್ಬೇಕು ಕಣಮ್ಮೋ."

"ಹೌದಾ? ಹಂಗಾದ್ರೆ ಕರುಗೆ ನೀರು ಹುಯ್ಯಿ. ಸಸಿ ಇರೋದು ಅದರ ಹೊಟ್ಟೇಲಿ."

ಕ್ಲಬ್ಬಿನವರು ಮೊದಲ ವರ್ಷ ಮೂರು ಜೀಪಿನಲ್ಲಿ ಬಂದರು, ಎರಡನೆಯ ವರ್ಷ ಒಂದು ಜೀಪಿನಲ್ಲಿ. ನಾಲ್ಕನೆಯ ವರ್ಷದಿಂದ ಕನ್ನಡಕದ ಹಿರಿಯರೊಬ್ಬರೇ ಬಸ್ಸಿನಲ್ಲಿ ಬಂದರು. ಕ್ಲಬ್ಬು ಮರೆತಿತ್ತು, ಅವರು ಮರೆತಿರಲಿಲ್ಲ. ಬರುಬರುತ್ತ ಅವರೂ ಮಣ್ಣಿಗೆ ಬೆರಳು ಚುಚ್ಚಿ "ಇಲ್ಲಿ ಒಂದು ಕೊಡ ಕಡಿಮೆಯಾಗಿದೆ" ಎನ್ನುವ ಮಟ್ಟಕ್ಕೆ ಏರಿದ್ದರು. ಆರುನೂರರಲ್ಲಿ ಐನೂರ ಚಿಲ್ಲರೆ ಸಸಿ ಬದುಕಿದವು.

ಎಂಭತ್ತಾರರಲ್ಲಿ ಮೊದಲ ಗೊನೆಗಳು ಬಲಿತವು. ದುರ್ಗಯ್ಯ ಟೈ ಬಳೆ ಹಾಕಿಕೊಂಡು ಎಂಟು ವರ್ಷದ ಮೇಲೆ ಸ್ವಂತ ಊರಿನ ಹೊಸ ಮರ ಹತ್ತಿದ. ಮರವಿನ್ನೂ ಅವನ ಎತ್ತರವೇ ಇತ್ತು, ನೆಲದ ಮೇಲೆ ನಿಂತೇ ಕೀಳಬಹುದಿತ್ತು. ಆದರೂ ಹತ್ತಿದ. ಪ್ರತಿ ಸಸಿಯ ಮೊದಲ ಗೊನೆ ಸಂಘಕ್ಕೆ ಎಂದು ಮೀನಾಕ್ಷಮ್ಮ ಮೊದಲೇ ವಿಧಿಸಿದ್ದಳು. ಅದರಲ್ಲಿ ಅರ್ಧ ಕಾಯನ್ನು ಶೆಟ್ಟಿಕೆರೆಯ ಪಕ್ಕದ ಹಳ್ಳಿಯೊಂದರ ಸಂಘಕ್ಕೆ ಬಿತ್ತನೆಗೆ ಕಳಿಸಿದಳು. ಹಿಂದಿನ ವರ್ಷ ಅಲ್ಲಿಯೂ ಗಾಳಿ ಬಡಿದಿತ್ತು. ಜೊತೆಗೆ ಒಂದು ಮೂಟೆ ಟೈ. ಉಳಿದರ್ಧ ಅವಳ ಅಟ್ಟ ಏರಿತು, ಹನ್ನೊಂದು ತಿಂಗಳು ಯಾರೂ ಆ ಕಡೆ ತಲೆಯೆತ್ತಲಿಲ್ಲ.

ಎಂಭತ್ತೇಳರಲ್ಲಿ ಆ ಕೊಬ್ಬರಿಯ ಚೀಲಗಳು ತೋಂಟದಾರ್ಯನ ಅಂಗಡಿ ಮುಂದೆ ಇಳಿದವು. ಬೆಂಚಿನ ಮೇಲೆ ಕನ್ನಡಕದ ಹಿರಿಯರಿದ್ದರು, ದುರ್ಗಯ್ಯನಿದ್ದ, ಬಸವರಾಜಪ್ಪ ತನ್ನ ಪಾಡಿಗೆ ಇದ್ದ. ಮೀನಾಕ್ಷಮ್ಮ ತಕ್ಕಡಿಯ ಪಕ್ಕದಲ್ಲಿ, ಕೈಕಟ್ಟಿ, ಬೇರೆಲ್ಲೋ ನೋಡುತ್ತ ನಿಂತಿದ್ದಳು. ತೋಂಟದಾರ್ಯನ ಮೀಸೆ ಬೆಳ್ಳಗಾಗಿತ್ತು. ಚೀಲದ ಬಾಯಿ ಬಿಚ್ಚಿ ಒಂದು ಉಂಡೆ ತೆಗೆದ. ಅಂಗೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದ. ಚಾಕು ತೆಗೆದ. ಚಾಕುವನ್ನೂ ತಿರುಗಿಸಿ ತಿರುಗಿಸಿ ನೋಡಿದ. ಆಮೇಲೆ ಉಂಡೆಯನ್ನು ಚೀಲಕ್ಕೆ, ಚಾಕುವನ್ನು ಜೇಬಿಗೆ ಹಾಕಿದ.

"ಅಕ್ಕನ ಚೀಲ, ತೂಗ್ರಪ್ಪ."

ಮೀನಾಕ್ಷಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಸೆಕೆಯಿರಲಿಲ್ಲ.

ಒಂಬತ್ತು ವರ್ಷದ ಮೇಲೆ ಸೋತು ಸುಮ್ಮನಿರುವುದು ವ್ಯಾಪಾರಿಯ ಜಾಯಮಾನವಲ್ಲ. ತೋಂಟದಾರ್ಯ ಬೆಂಚಿನ ಕಡೆ ಕಣ್ಣು ಹೊಡೆದು ಕೆಣಕಿದ.

"ತೂಗಿದ್ದೇನೋ ಆಯ್ತು ಅಕ್ಕ. ಆದ್ರೆ ನಿಮ್ಮ ಮಾತೊಂದು ಹಂಗೇ ನಿಂತೈತಲ್ಲ? ಅಟ್ಟದಿಂದ ಕಾಯಿ ಮೊಳೆತು ಇಳಿದ್ರೆ ತಲೆ ಮೇಲೆ ಹೊತ್ಕೊಂಡು ತಿಪಟೂರು ಸಂತೆ ಮೂರು ಸುತ್ತು ಬತ್ತೀನಿ ಅಂದಿದ್ರಿ. ಇಳಿದದ್ದು ಆರುನೂರು. ಇವತ್ತು ಹೊರಟ್ರೂ ಮುಗಿಯೋ ಹೊತ್ತಿಗೆ ಸಂತೆಯೇ ಎದ್ದೋಗಿರ್ತದೆ."

ಬೆಂಚೆಲ್ಲ ನಕ್ಕಿತು. ಬಸವರಾಜಪ್ಪನೂ ನಕ್ಕಂತೆ ಕಂಡಿತು, ಖಾತ್ರಿಯಿಲ್ಲ. ಮೀನಾಕ್ಷಮ್ಮ ತಕ್ಕಡಿಯ ಮೇಲಿದ್ದ ಚೀಲವನ್ನು ಮಗುವಿನ ಬೆನ್ನು ತಟ್ಟುವಂತೆ ಎರಡು ಸಲ ತಟ್ಟಿದಳು.

"ಅದೇ ಕಾಯಿ ಕಣಪ್ಪ ಇವು. ಕೊಬ್ಬರಿಯಾಗೇ ಇಳಿದವೆ, ನೋಡ್ಕೋ. ಕೊಬ್ಬರಿ ಆಗ್ತದೆ ಅಂದಿದ್ದೆ, ಯಾವ ವರ್ಷ ಅಂತ ಯಾವತ್ತಾದ್ರೂ ಅಂದಿದ್ನಾ? ನೀನೇ ತಡೀಲಾರದೆ ಮಧ್ಯದಲ್ಲಿ ಚಾಕು ತಗೊಂಡು ಬಂದೆ."